ಸ್ವಂತ ಕಾರಿನಲ್ಲಿ ತವರಿಗೆ

ಮನುಷ್ಯನ ಘನತೆಯನ್ನು ಅವನು ಏರಿದ ಎತ್ತರದಿಂದ ಅಳೆಯಬೇಕು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ನಾನು ಏರಿದ ಎತ್ತರ ನೆಲದಿಂದ ಎರಡು ಅಡಿ. ಅಷ್ಟನ್ನು ಏರಲು ನನ್ನ ಹೆಂಡತಿಗೆ ಅಡುಗೆಮನೆಯ ಮಣೆ ಬೇಕಾಗುತ್ತಿತ್ತು.

ಚಳ್ಳಕೆರೆಯ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಸೆಕೆಂಡ್ ಹ್ಯಾಂಡ್ ವಾಹನದ ಒಡೆಯನಾದೆ. ಮೋರೆ ನೋಡಿದರೆ ಜೀಪು, ಒಳಗೆ ಕೂತರೆ ಕಾರು, ಉದ್ದ ನೋಡಿದರೆ ಎರಡೂ ಅಲ್ಲ. ಈಗಿನವರು ಅಂಥದ್ದನ್ನು ಎಸ್‌ಯುವಿ ಎಂದು ಗೌರವದಿಂದ ಕರೆಯುತ್ತಾರೆ. ಆಗ ನಮ್ಮ ಬೀದಿಯವರು ‘ಮೋಟು ಜೀಪು’ ಎಂದರು. ನನ್ನ ಹೆಂಡತಿ ರತ್ನ ಮಾತ್ರ ಪಟ್ಟುಹಿಡಿದು ಅದನ್ನು ‘ಕಾರು’ ಎಂದೇ ಕರೆದಳು. ಅದಕ್ಕೆ ಕಾರಣವಿತ್ತು.

ರತ್ನಳ ತವರು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಮಗಳು ಹೊಸ ಗಾಡಿಯಲ್ಲಿ ಮೊದಲ ಸಲ ಬಂದರೆ ಗಾಡಿಗೂ ಮಗಳಿಗೂ ಸೇರಿಸಿ ಆರತಿ ಎತ್ತುವುದು ಆ ಮನೆಯ ಪದ್ಧತಿ. ಮಗಳು ಮುಂದಿನ ಸೀಟಿನಲ್ಲಿ ಕೂತಿರಬೇಕು. ಆರತಿ, ಹಾಡು ಎಲ್ಲ ಮುಗಿದ ಮೇಲೆಯೇ ಇಳಿಯಬೇಕು. ರತ್ನಳ ಅಕ್ಕ ನಾಗಮಣಿಯನ್ನು ಗಡಿಯಾಚೆ ಆಂಧ್ರದ ರಾಯದುರ್ಗಕ್ಕೆ ಕೊಟ್ಟಿತ್ತು. ಆಕೆಗೆ ಈ ಆರತಿ ಆಗಲೇ ಎರಡು ಸಲ ಆಗಿತ್ತು, ಎರಡು ಬಣ್ಣದ ಕಾರಿಗೆ. ಎರಡು ಸಲವೂ ರತ್ನ ಬಸ್ ಸ್ಟ್ಯಾಂಡಿನಿಂದ ಕೈಚೀಲ ಹಿಡಿದು ನಡೆದು ಬಂದು, ಹಿಂದೆ ನಿಂತು ಹಾಡು ಹೇಳಿದ್ದಳು.

“ಏಮೇ ರತ್ನಾ, ಇಂಕಾ ಬಸ್ಸೇನಾ?” ಎಂದು ಅಕ್ಕ ಕೇಳಿದ್ದಳಂತೆ. ಇನ್ನೂ ಬಸ್ಸೇನಾ ಎಂಬ ಆ ತೆಲುಗು ಪ್ರಶ್ನೆ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಕನ್ನಡದಲ್ಲಿ ಚರ್ಚೆಯಾಗಿತ್ತು.

ಆದ್ದರಿಂದ ತವರಿನಲ್ಲಿ ತಮ್ಮನ ಮಗುವಿಗೆ ನಾಮಕರಣ ಎಂದು ಸುದ್ದಿ ಬಂದಾಗ ರತ್ನಳಿಗೆ ಮಗುವಿಗಿಂತ ಮುಂದಿನ ಸೀಟು ಮುಖ್ಯವಾಯಿತು. ಫೋನ್ ಮಾಡಿ, “ಅವ್ವಾ, ಕಾರಲ್ಲಿ ಬರ್ತೀನಿ, ಆರತಿ ಸಿದ್ಧ ಮಾಡ್ಕೊಂಡಿರು” ಎಂದಳು. ಅವ್ವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದಳು. ನಮ್ಮ ಬೀದಿಗೆಲ್ಲ ಕೇಳಿಸಿತ್ತು.

ಅಷ್ಟರಲ್ಲಿ ವಾಹನ ಸಂಸಾರಕ್ಕೆ ಒಗ್ಗಿಕೊಳ್ಳುತ್ತಿತ್ತು ಎನ್ನಬೇಕು. ಅಥವಾ ಸಂಸಾರವೇ ಅದಕ್ಕೆ ಒಗ್ಗಿಕೊಳ್ಳುತ್ತಿತ್ತು. ಕೂಗಿದರೆ ಕೇಳುವಷ್ಟು ದೂರದ ಅಂಚೆ ಕಚೇರಿಗೆ ನಾನು ಅದರಲ್ಲೇ ಹೋಗುತ್ತಿದ್ದೆ. ತಿರುಗಿಸಲು ಜಾಗ ಸಾಲದೆ ಎಣ್ಣೆ ಮಿಲ್ಲಿನ ಗೇಟಿನವರೆಗೆ ಹೋಗಿ ವಾಪಸು ಬರಬೇಕಾಗಿದ್ದರಿಂದ, ನಡೆದು ಹೋಗುವುದಕ್ಕಿಂತ ತಡವಾಗುತ್ತಿತ್ತು. ಮಗಳನ್ನು ಶಾಲೆಗೆ ಬಿಡುತ್ತೇನೆಂದರೆ, “ಬ್ಯಾಡಪ್ಪ, ಎಲ್ಲರೂ ಬಂದು ಹತ್ತಕ್ಕೆ ಮಣೆ ಕೇಳ್ತಾರೆ” ಎಂದು ಅವಳು ಹಿತ್ತಲ ಬಾಗಿಲಿನಿಂದ ಓಡುತ್ತಿದ್ದಳು.

ಪಕ್ಕದ ಮನೆಯ ಖಾದರ್ ಸಾಹೇಬರು ಒಂದು ಕಾಲದಲ್ಲಿ ಜೀಪು ಓಡಿಸಿದವರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಅವರು ತೀರ್ಪು ಕೊಟ್ಟರು.

“ಎಲ್ಲಾ ಸರಿ ಐತ್ರೀ. ಮೇಲೊಂದು ಕ್ಯಾರಿಯರ್ ಇಲ್ಲ ನೋಡ್ರಿ. ಬೋಳ್ ತಲೆ ಇದ್ದಂಗೆ ಐತೆ.”

ಈ ಉಪಮೆ ನನ್ನನ್ನು ವೈಯಕ್ತಿಕವಾಗಿ ತಟ್ಟಿತು. ಮರುದಿನವೇ ಗಾಡಿಯ ತಲೆಯ ಮೇಲೆ ಭಾರಿ ಕಬ್ಬಿಣದ ಕ್ಯಾರಿಯರ್ ಕೂರಿಸಿದೆ. ಹತ್ತಲು ಹಿಂದೆ ಏಣಿ. ಖಾದರ್ ಸಾಹೇಬರು ತಲೆದೂಗಿದರು. “ಈಗ ಗಾಡಿ ಅನ್ನಿಸ್ತೈತೆ” ಎಂದರು. ಚಳ್ಳಕೆರೆಯಿಂದ ಮೊಳಕಾಲ್ಮುರಿನವರೆಗೆ ರಸ್ತೆಯಲ್ಲಿ ನಿಂತ ಎಲ್ಲರಿಗೂ ಹಾಗೆಯೇ ಅನ್ನಿಸಬಹುದೆಂದು ನನಗೆ ಹೊಳೆಯಲಿಲ್ಲ. ಆ ರಸ್ತೆಯಲ್ಲಿ ಬಸ್ಸು ಕಡಿಮೆ. ಜನ ಓಡಾಡುತ್ತಿದ್ದುದು ತುಂಬಿದಷ್ಟೂ ತುಂಬಿಕೊಳ್ಳುವ ಬಾಡಿಗೆ ಜೀಪುಗಳಲ್ಲಿ. ಅವುಗಳ ಗುರುತು ಎರಡೇ: ಎತ್ತರ ಮತ್ತು ಕ್ಯಾರಿಯರ್.

ನಾಮಕರಣದ ದಿನ ಮಗಳನ್ನು ಪರೀಕ್ಷೆಯ ನೆಪದಲ್ಲಿ ಖಾದರ್ ಸಾಹೇಬರ ಮನೆಗೆ ಬಿಟ್ಟು ಹೊರಟೆವು. ರತ್ನ ಹಸಿರಂಚಿನ ರೇಷ್ಮೆ ಸೀರೆಯುಟ್ಟು, ಮಣೆ ಮೆಟ್ಟಿ ಹತ್ತಿ, ಅದನ್ನೂ ಒಳಗಿಟ್ಟುಕೊಂಡು, ಮುಂದಿನ ಸೀಟನ್ನು ಅಲಂಕರಿಸಿದಳು. ಊರು ದಾಟುತ್ತಲೇ ಒಬ್ಬ ಈರುಳ್ಳಿ ಮೂಟೆಯ ಪಕ್ಕ ನಿಂತು ಕೈ ಎತ್ತಿದ. ನಾನು ಬ್ರೇಕ್ ಹಾಕಿದೆ.

“ಯಾಕ್ರಿ ನಿಲ್ಸಿದ್ರಿ?” ಎಂದಳು ರತ್ನ.

“ಇದು ಬಾಡಿಗೆ ಗಾಡಿ ಅಲ್ಲ ಅಂತ ಹೇಳಕ್ಕೆ.”

ಇಲ್ಲಿ ನನ್ನ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ಅಂಚೆ ಕೌಂಟರಿನ ಹಿಂದೆ ಇಷ್ಟು ವರ್ಷ ಕೂತವನು ನಾನು. ‘ಇಲ್ಲ’ ಎನ್ನುವುದು ನಮಗೆ ಕಷ್ಟವಲ್ಲ. ಆದರೆ ಬಂದವರ ಮುಖ ನೋಡಿ, ಕಾರಣ ಸಹಿತ ‘ಇಲ್ಲ’ ಎನ್ನಬೇಕು. ಕೈ ಎತ್ತಿದ ಮನುಷ್ಯನನ್ನು ಧೂಳೆಬ್ಬಿಸಿ ದಾಟಿ ಹೋಗುವುದು ಸೌಜನ್ಯವಲ್ಲ.

“ನೋಡಪ್ಪಾ,” ಎಂದೆ ಕಿಟಕಿಯಿಂದ, “ಇದು ಸ್ವಂತ ಕಾರು. ಬಾಡಿಗೆಗೆ ಹೋಗಲ್ಲ.”

“ಅಂಗಾದ್ರೆ ನಿಲ್ಸಿದ್ದ್ಯಾಕೆ?” ಎಂದ ಅವನು.

ನಾನು ಕಾರಣ ಹುಡುಕುತ್ತಿರುವಾಗಲೇ ಮೂಟೆ ಕ್ಯಾರಿಯರ್ ಮೇಲೆ ಹೋಗಿ ದೊಪ್ಪೆಂದಿತು. ಅವನು ಹಿಂದಿನ ಬಾಗಿಲು ತೆಗೆದು ಕೂತು, “ಸ್ವಂತದ್ದಾದ್ರೆ ಇನ್ನೂ ಒಳ್ಳೇದಾತು ಬಿಡ್ರಿ, ಜೋರಾಗ್ ಹೋಗಬೋದು” ಎಂದ. ಹೆಸರು ಓಬಣ್ಣನಂತೆ.

“ಒಬ್ಬನೇ ತಾನೆ, ಇರಲಿ” ಎಂದೆ.

“ಇನ್ನು ನಿಲ್ಲಿಸ್ಬ್ಯಾಡ್ರಿ” ಎಂದಳು ರತ್ನ.

ಹಿರೇಹಳ್ಳಿಯಲ್ಲಿ ಗಂಡ, ಹೆಂಡತಿ, ಕಂಕುಳಲ್ಲೊಂದು ಕೂಸು, ಜೊತೆಗೆ ಗಂಡನ ಇಬ್ಬರು ತಮ್ಮಂದಿರು ಕೈ ಎತ್ತಿದರು. ಈ ಸಲ ವಾದವನ್ನು ಬಿಗಿಯಾಗಿ ಮಂಡಿಸಲು ನಿರ್ಧರಿಸಿ ನಿಲ್ಲಿಸಿದೆ. ಆದರೆ ಅವರು ನನ್ನನ್ನು ಕೇಳಲೇ ಇಲ್ಲ. ಹಿಂದೆ ನೋಡಿ, “ಜಾಗ ಐತೇನಣ್ಣಾ?” ಎಂದರು.

“ಐತೆ, ಬರ್ರಿ ಬರ್ರಿ. ಒಂಚೂರು ಸರ್ಕೊಂಡ್ ಕೂತ್ಕಳ್ಳಿ” ಎಂದ ಓಬಣ್ಣ. ಎಲ್ಲರೂ ಹತ್ತಿದ ಮೇಲೆ ಗಾಡಿಯ ಮೈಗೆ ಎರಡು ಏಟು ತಟ್ಟಿ, “ರೈಟ್” ಎಂದ.

ನಾಚಿಕೆಯಿಂದ ಹೇಳುತ್ತೇನೆ, ಆ ‘ರೈಟ್’ ಕೇಳುತ್ತಲೇ ನನ್ನ ಕಾಲು ತಾನಾಗಿಯೇ ಕ್ಲಚ್ ಬಿಟ್ಟಿತು.

“ನೀವು ನಿಲ್ಲಿಸೋದ್ಯಾಕೆ ಅಂತೀನಿ” ಎಂದು ರತ್ನ ಹಲ್ಲು ಕಚ್ಚಿ ಕೇಳಿದಳು.

“ನಿಲ್ಲಿಸದೆ ಹೇಳೋದೆಂಗೆ?”

“ಹೇಳೋದ್ಯಾಕೆ? ಸುಮ್ನೆ ಹೋಗ್ರಿ.”

“ಅದು ಮರ್ಯಾದೆ ಅಲ್ಲ ಕಣೆ.”

“ಅಕ್ಕನ ಮುಂದೆ ನನ್ನ ಮರ್ಯಾದೆ?”

ಅಷ್ಟರಲ್ಲಿ ತಳಕು ಬಂತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುರಿಮರಿ ಹಿಡಿದ ಒಬ್ಬ ಹಿರಿಯರು ರಸ್ತೆಯ ಮಧ್ಯಕ್ಕೇ ಬಂದು ನಿಂತರು. ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ. ಇದು ರತ್ನಳೂ ಒಪ್ಪಿದ ಮಾತು.

“ಸ್ವಾಮಿ, ಇದು ಸ್ವಂತ ಕಾರು” ಎಂದೆ. ನನ್ನ ದನಿ ನನಗೇ ನಂಬಿಕೆ ಹುಟ್ಟಿಸಲಿಲ್ಲ. ಒಳಗೆ ಆರು ಜನ ಇಣುಕಿ ನೋಡುತ್ತಿದ್ದರು.

ಅವರು ಒಳಗೆ ನೋಡಿದರು. ನನ್ನನ್ನು ನೋಡಿದರು. “ಎಲ್ಲಾ ನಿಮ್ಮೋರೇನು?” ಎಂದರು.

“ಅಲ್ಲ.”

“ಮತ್ತೆ ನಾನೇನ್ ಪಾಪ ಮಾಡಿದ್ನಪ್ಪಾ?”

ಹತ್ತಿದರು. ಮರಿಯೂ ಹತ್ತಿತು. ಅದು ಎರಡು ಸೀಟಿನ ನಡುವಿನಿಂದ ಕತ್ತು ಚಾಚಿ ರತ್ನಳ ಸೀರೆಯ ಹಸಿರಂಚನ್ನು ಹುಲ್ಲೆಂದು ಪರಿಗಣಿಸಿತು. ಮೊಳಕಾಲ್ಮುರು ರೇಷ್ಮೆ ಗಟ್ಟಿ ಎಂಬುದು ಆ ದಿನ ಸಾಬೀತಾಯಿತು. ರತ್ನ ಸೆರಗನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು, ಮುಂದಿನ ಗಾಜನ್ನೇ ನೋಡುತ್ತಾ ಕೂತಳು. ಏನಾದರಾಗಲಿ, ಮುಂದಿನ ಸೀಟು ಇನ್ನೂ ಅವಳದೇ.

ಬಿ.ಜಿ.ಕೆರೆಯಲ್ಲಿ ಅದೂ ಹೋಯಿತು. ಅಲ್ಲಿ ಹುಣಸೇಮರದ ಕೆಳಗೆ ತಿಮ್ಮಕ್ಕ ಎಂಬ ಮುದುಕಿ ಕೋಲೂರಿ ನಿಂತಿದ್ದಳು. ಮೊಣಕಾಲು ಊದಿತ್ತು. ಕೈ ಎತ್ತುವ ಶಕ್ತಿಯೂ ಇಲ್ಲದೆ ಕೋಲೆತ್ತಿದಳು. ಈ ಸಲ ನಾನು ವಾದಿಸುವ ಮನಸ್ಸು ಮಾಡಲಿಲ್ಲ. ಓಬಣ್ಣನೇ ಇಳಿದು ಕೈ ಹಿಡಿದ. ಆದರೆ ಹಿಂದೆ ಹತ್ತಲು ಅವಳ ಕಾಲು ಮಡಿಯಲಿಲ್ಲ.

“ಮುಂದಾದ್ರೆ ಕಾಲ್ ಚಾಚ್ಕೊಂಡು ಕೂತ್ಕಬೋದಿತ್ತು” ಎಂದ ಓಬಣ್ಣ, ಆಕಾಶ ನೋಡುತ್ತಾ.

ಎಲ್ಲರೂ ರತ್ನಳ ಕಡೆ ತಿರುಗಿದರು. ಕುರಿಮರಿಯೂ ತಿರುಗಿತು. ನನ್ನ ಹೆಂಡತಿ ಬಾಯಿಬಡುಕಿ, ಆದರೆ ಕಲ್ಲೆದೆಯವಳಲ್ಲ. ಒಂದು ನಿಮಿಷ ತಿಮ್ಮಕ್ಕನ ಕಾಲು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟದ ವಿವರ ಇಲ್ಲಿ ಬೇಡ. ಇಳಿದು ಮುದುಕಿಯನ್ನು ಹತ್ತಿಸಿ, ಮಣೆ ಕೈಯಲ್ಲಿ ಹಿಡಿದು, ಹಿಂದೆ ಹೋಗಿ ಕೂಸಿನ ತಾಯಿಗೂ ಕಂಬಳಿಗೂ ನಡುವೆ ಸಿಕ್ಕಷ್ಟು ಜಾಗದಲ್ಲಿ ಸೇರಿಕೊಂಡಳು.

“ಊರು ಹತ್ರ ಬಂದಾಗ ಸೀಟು ಬದಲಾಯಿಸಿದ್ರಾಯ್ತು” ಎಂದು ನಾನು ಸಮಾಧಾನ ಹೇಳಿದೆ. ಇದು ಒಳ್ಳೆಯ ಯೋಜನೆಯಾಗಿತ್ತು.

ಹಾನಗಲ್ಲಿನಲ್ಲಿ ಕೂಸು ವಾಂತಿ ಮಾಡಿಕೊಂಡಿತು. ನೀರಿಗೆಂದು ನಿಲ್ಲಿಸಿದೆ. ಸೀರೆ ತೊಳೆಯಲು ರತ್ನ ಇಳಿದಳು. ತೊಳೆದು ಬರುವಷ್ಟರಲ್ಲಿ ನಲ್ಲಿಯ ಬಳಿ ಇದ್ದ ಒಬ್ಬ, ನಿಂತ ಗಾಡಿಯಲ್ಲಿ ಒಂದು ಖಾಲಿ ಜಾಗ ಕಂಡು ಕೂತುಬಿಟ್ಟಿದ್ದ.

“ಏ ಏಳಪ್ಪಾ, ಅದು ಓನರಮ್ಮನ ಸೀಟು” ಎಂದ ಓಬಣ್ಣ.

“ಓನರಮ್ಮ ಆದ್ರೆ ಮುಂದೆ ಕೂರಲ್ವಾ?” ಎಂದು ಅವನು ನ್ಯಾಯವಾಗಿಯೇ ಕೇಳಿದ.

ಆಗ ಹಿಂದಿನಿಂದ ಸರ್ಕಾರಿ ಬಸ್ಸು ಬಂದು ನಿಂತಿತು. ರತ್ನ ಅದರ ಕಿಟಕಿಗಳನ್ನು ನೋಡಿದಳು. ಅರ್ಧ ಬಸ್ಸು ಖಾಲಿ.

“ನಾನು ಬಸ್ಸಲ್ಲಿ ಬರ್ತೀನಿ” ಎಂದಳು. “ಕಾಲಿಡಕ್ಕಾದ್ರೂ ಜಾಗ ಸಿಗ್ತೈತೆ.”

“ರತ್ನಾ, ಆರತಿ?”

“ನಿಮ್ಮ ಜನಕ್ಕೆ ಮಾಡಿಸ್ಕಳ್ಳಿ.”

ಮಣೆಯನ್ನು ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದಳು. ಹಿಂದೆಯೇ ಹೋಗಿ ಬಸ್ಸನ್ನು ಮೀರಿಸಿ, ಊರ ಬಾಗಿಲಲ್ಲಿ ಅವಳನ್ನು ಇಳಿಸಿಕೊಂಡು ಮುಂದೆ ಕೂರಿಸಬೇಕು ಎಂದು ಶಪಥ ಮಾಡಿದೆ. ನನ್ನ ಗಾಡಿಯ ಭಾರಕ್ಕೆ ಬಸ್ಸೂ ಸಿಗಲಿಲ್ಲ, ಅದರ ಧೂಳೂ ಸಿಗಲಿಲ್ಲ. ಓಬಣ್ಣ ಮಾತ್ರ, “ಇನ್ನೊಂದಿಬ್ಬರಿಗೆ ಮೇಲೆ ಜಾಗ ಐತೆ” ಎನ್ನುತ್ತಿದ್ದ.

ಮೊಳಕಾಲ್ಮುರು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರನ್ನೂ ಇಳಿಸಬಹುದಿತ್ತು. ಆದರೆ ಅಲ್ಲಿ ನಿಜವಾದ ಬಾಡಿಗೆ ಜೀಪಿನವರು ಸಾಲಾಗಿ ನಿಂತಿದ್ದರು. ನನ್ನ ಗಾಡಿಯೊಳಗಿನ ಜನರನ್ನೂ ಮೇಲಿನ ಮೂಟೆಯನ್ನೂ ಕಂಡು ಇಬ್ಬರು ಜಗಳಕ್ಕೆ ತೋಳೇರಿಸಿದರು. ಅವರಿಗೆ ನಿಲ್ಲಿಸಿ ಕಾರಣ ಹೇಳುವ ಸೌಜನ್ಯ ಆ ಕ್ಷಣ ನನ್ನಲ್ಲಿ ಉಳಿದಿರಲಿಲ್ಲ. ಇಡೀ ದಿನದಲ್ಲಿ ನಾನು ನಿಲ್ಲಿಸದೆ ಹೋದದ್ದು ಅಲ್ಲಿ ಒಂದೇ ಕಡೆ. ನೇರ ಮಾವನ ಮನೆಗೆ ನುಗ್ಗಿದೆ.

ಬಾಗಿಲಲ್ಲಿ ಇಡೀ ಮನೆ ಸೇರಿತ್ತು. ಹಾರನ್ ಕೇಳಿ ಅತ್ತೆ ಒಳಗಿನಿಂದ, “ಕಾರು ಬಂತು, ಆರತಿ ತರ್ರೇ” ಎಂದು ಕೂಗಿದರು. ಆ ಮನೆಯಲ್ಲಿ ಆರತಿ ತಟ್ಟೆಯನ್ನು ಇಬ್ಬರು ಹಿಡಿಯಬೇಕು. ಒಂದು ಕಡೆ ನಾಗಮಣಿ ಹಿಡಿದಳು. ಇನ್ನೊಂದು ಕಡೆಗೆ ಯಾರು ಎಂದು ಸುತ್ತ ನೋಡಿ, ಬಸ್ಸಿಳಿದು ಆಗಲೇ ಕಾಫಿ ಕುಡಿದು ನಿಂತಿದ್ದ ತಂಗಿಯನ್ನು ಕಂಡಳು.

“ರಾವೇ, ಬಾರೇ, ಹಿಡ್ಕೋ. ನಿಮ್ಮದೇ ಕಾರಲ್ವಾ” ಎಂದಳು.

ಮುಂದಿನ ಸೀಟಿನಲ್ಲಿ ತಿಮ್ಮಕ್ಕ ಕಾಲು ಚಾಚಿ ಕೂತಿದ್ದಳು. ತಟ್ಟೆ ಹತ್ತಿರ ಬಂದಾಗ ಅವಳು ಸೆರಗನ್ನು ತಲೆಗೆ ಎಳೆದುಕೊಂಡು, ಕೈ ಮುಗಿದು, “ಇಷ್ಟು ಮರ್ಯಾದೆ ಯಾವ್ ಗಾಡಿಯಾಗೂ ಸಿಕ್ಕಿರ್ಲಿಲ್ಲ ಕಣ್ರವ್ವಾ” ಎಂದಳು.

ರತ್ನ ತಟ್ಟೆಯನ್ನು ಮೂರು ಸುತ್ತು ಬೆಳಗಿದಳು. ಹಾಡನ್ನೂ ಪೂರ್ತಿ ಹೇಳಿದಳು. ನನ್ನ ಕಡೆ ನೋಡಲಿಲ್ಲ.

ಆಮೇಲೆ ತಿಮ್ಮಕ್ಕ ಇಳಿದಳು. ಅವಳ ಹಿಂದೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಇಳಿದರು, ಮರಿಯೂ ಇಳಿಯಿತು, ಮೂಟೆಯೂ ಇಳಿಯಿತು. ಅತ್ತೆ ಯಾರನ್ನೂ ಕೇಳದೆ ಎಲ್ಲರಿಗೂ ಎಲೆ ಹಾಕಿಸಿದರು. ಆ ದಿನ ನಮ್ಮ ಕಾರಿನಲ್ಲಿ ಮೊಳಕಾಲ್ಮುರಿಗೆ ಬಂದವರಲ್ಲಿ ನಮ್ಮ ಮನೆಯವನು ನಾನೊಬ್ಬನೇ.