ಕೆನ್ನೆಯ ಕಲೆಯೂ ಐಸ್ ಹಲ್ವಾವೂ

ಕೆನ್ನೆಯ ಮೇಲಿನ ಒಂದು ಪುಟ್ಟ ಕಲೆಯನ್ನು ಅಳಿಸುವುದೇನು ಮಹಾ ಕೆಲಸ ಎಂದೇ ನಾನು ತಿಳಿದಿದ್ದೆ.

ಆಗ ನಾನು ಮುಂಬೈ ಪಕ್ಕದ ರಬಾಳೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಡೊಂಬಿವಿಲಿಯಲ್ಲಿ ಅಕ್ಕ-ಭಾವನ ಮನೆಯಲ್ಲಿ ವಾಸ. ಒಂದು ಮಳೆಗಾಲದ ಬೆಳಿಗ್ಗೆ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವ ನೂಕುನುಗ್ಗಲಿನಲ್ಲಿ ಯಾರದೋ ಕೊಡೆಯ ಕಡ್ಡಿ ನನ್ನ ಕೆನ್ನೆಯನ್ನು ಸೀಳಿತು. ಹೊಲಿಗೆ ಬಿತ್ತು. ಗಾಯ ಮಾಗಿತು. ಹುಣಿಸೆಬೀಜದ ಬಣ್ಣದ, ಸ್ವಲ್ಪ ಉಬ್ಬಿದ ಒಂದು ಗೆರೆ ಮಾತ್ರ ವಿಂಡೋ ಸೀಟು ಹಿಡಿದವರ ಹಾಗೆ ಅಲ್ಲೇ ಕೂತುಬಿಟ್ಟಿತು.

ಇದರಿಂದ ಲೋಕಕ್ಕೇನೂ ನಷ್ಟವಿರಲಿಲ್ಲ. ಆದರೆ ಅದೇ ಸಮಯಕ್ಕೆ ನೆರೂಳಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಸ್ವಾತಿ. ಊರು ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳ ಫೋಟೋವನ್ನು ನಾನು ಎಷ್ಟು ಸಲ ನೋಡಿದ್ದೆನೆಂದರೆ ಅದರ ಮೂಲೆಗಳು ಮಡಚಿಹೋಗಿದ್ದವು. ಅವರಿಗೆ ಹೋಗಿದ್ದ ನನ್ನ ಫೋಟೋ ಮಾತ್ರ ಕೊಡೆಗಿಂತ ಹಿಂದಿನದು!

“ಫೋಟೋದಲ್ಲಿ ಒಂದು ಮುಖ, ಎದುರಿಗೆ ಒಂದು ಮುಖ. ಅವರಿಗೆ ಎಂತ ಹೇಳುದು ಮಾರಾಯ?” ಎಂದಳು ಅಕ್ಕ.

“ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಕಲೆಯೇ ಇರುದಿಲ್ಲ. ನೀನು ನೋಡ್ತಾ ಇರು!”

ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ಎಲ್ಲರ ‘ಕಾಕು’, ನನ್ನ ಮುಖ ಕಂಡಾಗಲೆಲ್ಲ “ಅರೇ, ಹಳದ್ ಲಾವ್!” ಎನ್ನುತ್ತಿದ್ದರು. ಬರಿ ಅರಿಸಿನ ಹಚ್ಚಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ವಿದ್ಯಾವಂತ. ಆದ್ದರಿಂದ ಅದಕ್ಕೆ ನಿಂಬೆರಸ ಬೆರೆಸಿ ಮುಖಕ್ಕೆಲ್ಲ ಬಳಿದುಕೊಂಡೆ. ಚರ್ಮ ಚುರುಚುರು ಉರಿಯಿತು, ಮುಖ ಹಳದಿಯಾಯಿತು. ಕಲೆ ಹಾಗೇ ಉಳಿದು, ಹೊಸದಾಗಿ ಬಣ್ಣ ಬಳಿದ ಗೋಡೆಯ ಮೇಲಿನ ಹಲ್ಲಿಯಂತೆ ಎದ್ದು ಕಂಡಿತು. ಆಫೀಸಿನಲ್ಲಿ ಸಾಹೇಬರು ಕುರ್ಚಿಯನ್ನು ಹಿಂದಕ್ಕೆ ಸರಿಸಿ, “ಪೀಲಿಯಾ ಹೋ ಗಯಾ ಕ್ಯಾ?” ಎಂದರು. ಕಾಮಾಲೆಯಲ್ಲ ಎಂದರೂ ಕೇಳದೆ ರಜೆ ಕೊಟ್ಟು ಕಳಿಸಿದರು. ಕೇಳದೆಯೇ ಸಿಕ್ಕ ರಜೆ! ಚಿಕಿತ್ಸೆಯ ಮೊದಲ ಜಯ ಎಂದೇ ಭಾವಿಸಿದೆ.

ಮೆಡಿಕಲ್ ಅಂಗಡಿಯವನು ಕಲೆಗೆಂದೇ ಇರುವ ಒಂದು ಜೆಲ್ ತೋರಿಸಿದ. ಡಬ್ಬಿಯ ಮೇಲೆ ಈರುಳ್ಳಿಯ ಚಿತ್ರ! ಮನೆಯ ಬುಟ್ಟಿಯಲ್ಲಿ ಈರುಳ್ಳಿ ಇರುವಾಗ ಡಬ್ಬಿಯದ್ದು ಯಾಕೆ ಎಂದುಕೊಂಡು, ದಿನಾ ಹಸಿ ಈರುಳ್ಳಿ ಉಜ್ಜಿಕೊಂಡು ಕೆಲಸಕ್ಕೆ ಹೊರಟೆ. ಕಲೆಯ ಮೇಲೆ ಅದರ ಪರಿಣಾಮ ಸೊನ್ನೆ. ಲೋಕಲ್ ಗಾಡಿಯಲ್ಲಿ ಮಾತ್ರ ಅದ್ಭುತ! ನಾನು ಹತ್ತಿದೊಡನೆ ಜನ ತಾವಾಗಿಯೇ ಹಿಂದೆ ಸರಿದರು. ಬೆಳಗಿನ ಡೊಂಬಿವಿಲಿ ಫಾಸ್ಟ್‌ನಲ್ಲಿ ಎರಡೂ ಕೈ ಬೀಸಿಕೊಂಡು ನಿಂತ ಮೊದಲ ಮನುಷ್ಯ ನಾನೇ ಇರಬೇಕು.

ಮನೆಯವರಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಭಾವ ನನ್ನನ್ನು ಠಾಣೆಯ ಚರ್ಮದ ಡಾಕ್ಟರ ಬಳಿಗೆ ಎಳೆದೊಯ್ದರು. ಡಾಕ್ಟರಮ್ಮ ಮೈಸೂರಿನವರು.

“ಇದಕ್ಕೆ ಏನೇನು ಹಚ್ಚಿದ್ರಿ?”

ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟರು.

“ಇನ್ಮೇಲೆ ಅಡುಗೆಮನೆ ಸಾಮಾನು ಮುಖಕ್ಕೆ ಬೇಡ. ನೋಡಿ, ಕಲೆ ಪೂರ್ತಿ ಹೋಗತ್ತೆ ಅಂತ ನಾನು ಹೇಳಲ್ಲ. ನಿಧಾನವಾಗಿ ಮಾಸತ್ತೆ, ತಿಂಗಳುಗಟ್ಟಲೆ ಬೇಕು. ಈ ಸಿಲಿಕಾನ್ ಹಾಳೇನ ಕಲೆಯಷ್ಟೇ ಅಗಲಕ್ಕೆ ಕತ್ತರಿಸಿ ಅಂಟಿಸ್ಕೊಳ್ಳಿ. ದಿನಾ ತೊಳೆದು ಮತ್ತೆ ಹಾಕ್ಕೊಳ್ಳಿ. ಬಿಸಿಲಿಗೆ ಹೋಗೋವಾಗ ಸನ್‌ಸ್ಕ್ರೀನ್. ಉಬ್ಬು ಇಳೀದಿದ್ರೆ ಇಂಜೆಕ್ಷನ್ ಇದೆ, ಲೇಸರ್ ಇದೆ, ಆಮೇಲೆ ನೋಡೋಣ.”

“ಲೇಸರ್ ಇವತ್ತೇ ಮಾಡಿಬಿಡಿ ಡಾಕ್ಟ್ರೇ! ಬರುವ ಭಾನುವಾರ ಹುಡುಗಿ ನೋಡ್ಲಿಕ್ಕೆ ಉಂಟು!”

“ಈಗ ಮಾಡಿದ್ರೆ ಕಲೆ ಒಂದೇ ಅಲ್ಲ, ಇಡೀ ಕೆನ್ನೆ ಕೆಂಪಾಗಿರತ್ತೆ. ಹುಡುಗಿ ಅದನ್ನ ನೋಡ್ತಾಳೆ. ಪರವಾಗಿಲ್ವಾ?”

ಹಾಳೆಯನ್ನೇ ತೆಗೆದುಕೊಂಡೆ. ಮೆತ್ತಗೆ, ಅರೆಪಾರದರ್ಶಕವಾಗಿ, ಅಂಗೈಯಗಲದ ಚೌಕ. ಕತ್ತರಿಸಿ ಅಂಟಿಸಿದರೆ ತಿಂಗಳುಗಟ್ಟಲೆ ಬೇಕಾದರೆ, ಇಡೀ ಚೌಕವನ್ನೇ ಅಂಟಿಸಿದರೆ ವಾರ ಸಾಕಲ್ಲವೇ? ಲೆಕ್ಕದವನ ಲೆಕ್ಕ!

ಭಾನುವಾರ ಅಕ್ಕ, ಭಾವ, ನಾನು ನೆರೂಳಿಗೆ ಹೊರಟೆವು. ಅಕ್ಕನ ಕೈಯಲ್ಲಿ ಐಸ್ ಹಲ್ವಾದ ಡಬ್ಬಿ. ಮುಂಬೈಯ ಈ ಹಲ್ವಾ ನಿಮಗೆ ಗೊತ್ತಿರಬಹುದು: ತೆಳ್ಳಗೆ, ಚೌಕವಾಗಿ, ಹಾಳೆಯಂತಿರುತ್ತದೆ. ಒಂದೊಂದರ ನಡುವೆ ಒಂದೊಂದು ಬೆಣ್ಣೆ ಕಾಗದ.

ಹುಡುಗಿಯ ಮನೆಯ ಮೆಟ್ಟಿಲ ಮೇಲೆ ಅಕ್ಕ ಗದರಿದಳು: “ಮೊದಲು ಕೆನ್ನೆಯ ಆ ಪ್ಲಾಸ್ಟಿಕ್ ತೆಗಿ!”

ತೆಗೆದೆ. ಧೂಳು ತಾಗದಿರಲೆಂದು ಡಬ್ಬಿಯಿಂದ ಒಂದು ಬೆಣ್ಣೆ ಕಾಗದ ಎಳೆದು, ಅದರಲ್ಲಿ ಹಾಳೆಯನ್ನು ಸುತ್ತಿ, ಅಂಗಿಯ ಕಿಸೆಯಲ್ಲಿಟ್ಟೆ. ಬಾಗಿಲಲ್ಲಿ ಬೂಟಿನ ಲೇಸ್ ಬಿಚ್ಚಲು ಬಗ್ಗಿದಾಗ ಅದು ಕೆಳಗೆ ಬಿದ್ದದ್ದು ನನಗೆ ತಿಳಿಯಲಿಲ್ಲ. ಹುಡುಗಿಯ ಅಪ್ಪನಿಗೆ ತಿಳಿಯಿತು. ಅವರು ಸಜ್ಜನರು. ಹಲ್ವಾ ಬಿತ್ತೆಂದು ಹೆಕ್ಕಿ, ಡಬ್ಬಿಯ ಮೇಲಿಟ್ಟು ಒಳಗೆ ಕೊಟ್ಟರು.

ಮಾತುಕತೆ ಸೊಗಸಾಗಿ ಸಾಗಿತು. ಸ್ವಾತಿ ಫೋಟೋಗಿಂತ ಚೆಂದವಿದ್ದಳು. ಅವಳ ಅಪ್ಪ ನನ್ನ ಕೆನ್ನೆಯನ್ನೇ ನೋಡುತ್ತ, “ಫೋಟೋದಲ್ಲಿ ಈ ಗೆರೆ ಇರ್ಲಿಲ್ಲ ಅಲ್ವಾ?” ಎಂದರು.

“ಫೋಟೋ ತೆಗೆಯುವಾಗ ಲೈಟು ಜಾಸ್ತಿ ಇತ್ತು” ಎಂದೆ. ಅಕ್ಕ ಕಣ್ಣು ಮುಚ್ಚಿಕೊಂಡಳು.

ಅಷ್ಟರಲ್ಲಿ ತಟ್ಟೆಯಲ್ಲಿ ಹಲ್ವಾ ಬಂತು. ಮನೆಗೆ ಹಿರಿಯರಾದ ಅಜ್ಜಯ್ಯ ಮೊದಲ ತುಂಡನ್ನೆತ್ತಿ ಬಾಯಿಗೆ ಹಾಕಿಕೊಂಡರು. ಅಗಿದರು. ಮತ್ತೂ ಅಗಿದರು.

“ಏಲಕ್ಕಿ ಹಾಕ್ಲಿಲ್ಲ ಇವರು” ಎಂದರು.

ನನ್ನ ಕೈ ಕಿಸೆಗೆ ಹೋಯಿತು. ಕಿಸೆ ಖಾಲಿ!

“ಸಿಹಿಯೂ ಕಮ್ಮಿ ಉಂಟು” ಎಂದರು ಅಜ್ಜಯ್ಯ.

“ಒಳ್ಳೇದೇ ಆಯ್ತಲ್ಲ, ನಿಮಗೆ ಶುಗರ್ ಉಂಟಲ್ಲ” ಎಂದು ಸ್ವಾತಿಯ ಅಮ್ಮ ಸಮಾಧಾನ ಹೇಳಿದರು. ಅಜ್ಜಯ್ಯ ಎರಡು ಬೆರಳಲ್ಲಿ ಅದರ ತುದಿ ಹಿಡಿದು ಎಳೆದರು. ಅದು ಉದ್ದವಾಯಿತು. ಬಿಟ್ಟರು. ಟಪ್ಪೆಂದು ಒಳಗೆ ಹೋಯಿತು! ಹಲ್ಲಿನ ಸೆಟ್ಟು ಸಮೇತ ಎಲ್ಲವನ್ನೂ ನುಂಗುವ ತಯಾರಿಯಲ್ಲಿದ್ದಂತೆ ಅವರ ಗಂಟಲು ಮೇಲೆ-ಕೆಳಗೆ ಆಡಿತು.

ನಾನು ಎದ್ದು ನಿಂತೆ. ಅಕ್ಕ ನನ್ನ ಅಂಗಿಯ ಚುಂಗು ಹಿಡಿದೆಳೆದಳು. ಕೂರಲಿಲ್ಲ.

“ಅಜ್ಜಯ್ಯ, ನುಂಗಬೇಡಿ! ಅದು ಹಲ್ವಾ ಅಲ್ಲ! ಅದು ನನ್ನ ಕೆನ್ನೆಯದು!”

ಹೊರಟ ಬಾಯಿ ನಿಲ್ಲಲಿಲ್ಲ. ಕೊಡೆ, ಅರಿಸಿನ, ಈರುಳ್ಳಿ, ಸಿಲಿಕಾನು, ಫೋಟೋದ ಲೈಟು ಸುಳ್ಳೆಂಬುದು, ಎಲ್ಲವನ್ನೂ ಹೇಳಿಬಿಟ್ಟೆ. ಅಜ್ಜಯ್ಯ ಹಾಳೆಯನ್ನು ಹೊರತೆಗೆದು, ಬೆಳಕಿಗೆ ಹಿಡಿದು ನೋಡಿ, ಗಂಭೀರವಾಗಿ ಕೇಳಿದರು:

“ತೊಳೆದದ್ದು ಹೌದಾ?”

“ಇವತ್ತು ಬೆಳಿಗ್ಗೆ ಸೋಪು ಹಾಕಿ ತೊಳೆದಿದ್ದೇನೆ ಅಜ್ಜಯ್ಯ.”

ಸ್ವಾತಿ ಎದ್ದು ಒಳಗೋಡಿದಳು. ಅಳಲು ಹೋದಳೆಂದೇ ತಿಳಿದೆ. ಅಡುಗೆಮನೆಯಿಂದ ಕೇಳಿದ್ದು ನಗು! ಪಾತ್ರೆ ಬೀಳಿಸುವಂಥ ನಗು.

ವಾಪಸು ಬರುವಾಗ ಅಕ್ಕ ಠಾಣೆಯವರೆಗೂ ನನ್ನಿಂದ ದೂರದ ಸೀಟಿನಲ್ಲೇ ಕೂತಳು. ಮುಂದಿನ ಸ್ಟೇಷನ್ ಕಳವಾ ದಾಟುವಷ್ಟರಲ್ಲಿ ಭಾವನ ಮೊಬೈಲು ಬಡಿದುಕೊಂಡಿತು. ನೆರೂಳಿನವರು ಒಪ್ಪಿದ್ದರು! ಗಾಡಿಯ ಬಾಗಿಲಲ್ಲಿ ನಿಂತು ಖಾಡಿಯ ಉಪ್ಪುನೀರಿನ ಗಾಳಿಗೆ ನಾನು ಕೂಗಿದ ಕೂಗಿಗೆ, ಬಾಗಿಲಿಗೆ ನೇತಾಡುತ್ತಿದ್ದವರೆಲ್ಲ ಯಾವ ಟೀಮು ಮ್ಯಾಚ್ ಗೆದ್ದಿತೆಂದು ವಿಚಾರಿಸಿದರು.

ಮದುವೆಯಾದ ಮೇಲೆ ಸ್ವಾತಿಯನ್ನು ಕೇಳಿದೆ: “ನನ್ನಲ್ಲಿ ಎಂತ ನೋಡಿ ಒಪ್ಪಿದ್ದು?”

“ನಿಮಗೆ ಝೂಠ್ ಬೋಲ್ನಾ ಬರುದೇ ಇಲ್ಲ, ಒಂದು ಸುಳ್ಳೂ ನಿಲ್ಲುದಿಲ್ಲ ಅಂತ ಗೊತ್ತಾಯ್ತು. ಮುಂದೆ ನಂಗೇ ಆರಾಮ್ ಅಲ್ವಾ!”

ಡಾಕ್ಟರಮ್ಮ ಹೇಳಿದಂತೆ ಹಾಳೆಯನ್ನು ಕಲೆಯಷ್ಟೇ ಕತ್ತರಿಸಿ ಅಂಟಿಸಿ, ಹೊರಡುವಾಗಲೆಲ್ಲ ಸನ್‌ಸ್ಕ್ರೀನ್ ಬಳಿದು ಕಳಿಸಿದವಳೂ ಅವಳೇ. ಉಬ್ಬು ಇಳಿಯಿತು, ಬಣ್ಣ ಮಾಸಿತು. ಲೇಸರಿನ ಅಗತ್ಯವೇ ಬೀಳಲಿಲ್ಲ. ಮೊನ್ನೆ ಅಕ್ಕ ಮನೆಗೆ ಬಂದಾಗ ಕಿಟಕಿಯ ಬೆಳಕಿನಲ್ಲಿ ನಿಂತು, ಕೆನ್ನೆಗೆ ಬೆರಳಿಟ್ಟು ಘೋಷಿಸಿದೆ:

“ನೋಡು ಅಕ್ಕ! ಕಲೆ ಇತ್ತು ಅಂತ ಯಾರಾದರೂ ಹೇಳಲಿ! ಗುರುತೇ ಇಲ್ಲ!”

ಚಹಾ ತಂದ ಸ್ವಾತಿ ಲೋಟ ಕೆಳಗಿಟ್ಟು, ನನ್ನ ಬೆರಳನ್ನು ಹಿಡಿದು ಇನ್ನೊಂದು ಕೆನ್ನೆಯ ಮೇಲಿಟ್ಟಳು.

“ಅದಲ್ಲ, ಇದು” ಎಂದಳು.