ಸೋಮಪ್ಪ ಗಾಡಿ ಎತ್ತರಿಸಿದ್ದು

ಇಷ್ಟಕ್ಕೆಲ್ಲ ಕಾರಣ ಹಳ್ಳದ ನಡುವಿನ ಒಂದು ಕಲ್ಲು. ಹೋದ ವಾರ ಅದು ತಂಬ್ರಹಳ್ಳಿ ಸೋಮಪ್ಪನ ಪಿಕಪ್ಪಿನ ಹೊಟ್ಟೆಗೆ ಬಡಿದು, ಇಂಜಿನ್ ಆಯಿಲ್ ಪೂರ್ತಿ ಹಳ್ಳದ ಪಾಲಾಗಿತ್ತು. ಹಿಂದೆ ತುಂಬಿದ್ದ ಓಬಳೇಶಪ್ಪನ ಕುರಿಗಳು ಸಂತೆ ಮುಗಿದ ಮೇಲೆ ಸಂತೆ ಮುಟ್ಟಿದವು. ಓಬಳೇಶಪ್ಪ ಬೈಯಲಿಲ್ಲ. ಬರುವ ವಾರ ಒಂದು ಸಲ ನೋಡುತ್ತೇನೆ, ಅವತ್ತೂ ಹೀಗಾದರೆ ಅಮರೇಶನಿಗೆ ಹೇಳುತ್ತೇನೆ ಎಂದಷ್ಟೇ ಅಂದ. ಅಮರೇಶನದು ಆಟದ ಸಾಮಾನಿನಂಥ ಗಾಡಿ. ಆದರೆ ಹಳ್ಳಕ್ಕೆ ಇಳಿಯದೆ, ಸಣ್ಣ ಗಾಡಿಯಷ್ಟೇ ಹಿಡಿಸುವ ಕೆರೆ ಏರಿಯ ಮೇಲೆ ಸುತ್ತಿ ಬರುತ್ತಿತ್ತು. ಕುರಿ ಸಾಗಿಸುವುದೇ ಸೋಮಪ್ಪನ ಅನ್ನ. ಓಬಳೇಶಪ್ಪ ಕೈಬಿಟ್ಟರೆ ಉಳಿದ ಕುರಿಗಾರರೂ ಬಿಟ್ಟ ಹಾಗೆಯೇ.

ಹೀಗಾಗಿ ಸಂಜೆ ಸಂತೆ ಕೂಡುವ ದಿನ ನಸುಕಿನಲ್ಲೇ ಅವನು ಕೊಟ್ಟೂರಿನ ಪ್ರವೀಣಕುಮಾರನ ಗ್ಯಾರೇಜಿನ ಮುಂದೆ ನಿಂತಿದ್ದ. ಗಾಡಿಯನ್ನು ಎರಡು ಇಂಚು ಎತ್ತರಿಸಿದರೆ ಸಾಕೆಂದು ಪ್ರವೀಣಕುಮಾರ ಹೇಳಿದ. ಅಷ್ಟರಲ್ಲಿ ಪಕ್ಕದ ಚಹಾದಂಗಡಿಯಲ್ಲಿ ಕುಳಿತವರಿಗೆ ಸುದ್ದಿ ಮುಟ್ಟಿ, ಲೋಟ ಹಿಡಿದು ಬಂದವರೆಲ್ಲ ತಲೆಗೊಂದು ಇಂಚು ಸೇರಿಸಿದರು. ಚಹಾದಂಗಡಿಯ ಅಂಜಿನಕ್ಕ ಗೋಡೆಗೆ ಒರಗಿಸಿದ್ದ ದೈತ್ಯ ಟೈರುಗಳನ್ನು ತೋರಿಸಿ, "ಅವು ಗಾಲಿ ನೋಡಪ್ಪ. ನಿನ್ನವು ಉದ್ದಿನ ವಡಿ" ಎಂದಳು. ಸೋಮಪ್ಪ ಹತ್ತಿರ ಹೋಗಿ ಟೈರಿನ ಗೀರಿನೊಳಗೆ ಬೆರಳಿಟ್ಟ. ಇಡೀ ಬೆರಳು ಒಳಗೆ ಹೋಯಿತು. ಅವನ ಮೈ ಜುಮ್ಮೆಂದಿತು. ಇನ್ನು ಎರಡು ಇಂಚಿನ ಮಾತೆಲ್ಲಿ!

ಮಧ್ಯಾಹ್ನದ ಹೊತ್ತಿಗೆ ಗಾಡಿ ಎದ್ದು ನಿಂತಿತು. ತನ್ನದೇ ಗಾಡಿಗೆ ಹತ್ತಲು ಹೋಗಿ ಸೋಮಪ್ಪ ಎರಡು ಸಲ ಜಾರಿದ. ಹತ್ತಿ ಕುಳಿತ ಮೇಲೆ ಮಾತ್ರ, ಅಬ್ಬಾ, ಅಷ್ಟು ಎತ್ತರದಿಂದ ಲೋಕವನ್ನು ಅವನು ಎಂದೂ ಕಂಡಿರಲಿಲ್ಲ. ತಂಬ್ರಹಳ್ಳಿ ಮುಟ್ಟಿದಾಗ, ದಿನಾ ಬೊಗಳುತ್ತ ಅಟ್ಟಿಸಿಕೊಂಡು ಬರುವ ಊರ ನಾಯಿ ಗಾಲಿಯವರೆಗೆ ಓಡಿ ಬಂದು, ತಲೆಯೆತ್ತಿ ನೋಡಿ, ಸುಮ್ಮನೆ ಕುಳಿತುಬಿಟ್ಟಿತು. ಓಣಿಯ ಜನ ಚಪ್ಪಲಿ ಬಿಟ್ಟು ಬಂದು ಟೈರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೆಂಡತಿ ರೇಣುಕಾ ತೆಂಗಿನಕಾಯಿ ಒಡೆದು, ಕತ್ತೆತ್ತಿ ಕೇಳಿದಳು:

"ಅಷ್ಟು ಮ್ಯಾಲಿಂದ ನಾ ಕಾಣ್ತೀನೇನು?"

ಹಳ್ಳದಲ್ಲಿ ಆ ಕಲ್ಲು ಹಾಗೇ ಕುಳಿತಿತ್ತು. ಗಾಡಿ ಅದರ ಮೇಲೆ ಮೋಡ ತೇಲಿದಂತೆ ಹಾದುಹೋಯಿತು. ಸೋಮಪ್ಪ ನಂಬಿಕೆಯಾಗದೆ ಹಿಂದಕ್ಕೆ ಬಂದು ಇನ್ನೊಮ್ಮೆ ದಾಟಿದ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು.

ಕುರಿಹಟ್ಟಿಯಲ್ಲಿ ಓಬಳೇಶಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬಂದ. "ಎಪ್ಪಾ, ಇದು ಗಾಡಿ ಅಲ್ಲ, ಮಾಳಿಗಿ ಮನಿ" ಎಂದ. ಸೋಮಪ್ಪನಿಗೆ ಗೆದ್ದೆನೆನಿಸಿತು. ಹೊಲದ ಬದುವಿಗೆ ಗಾಡಿಯ ಹಿಂಭಾಗ ಹಚ್ಚಿ ನಿಲ್ಲಿಸಿದ. ಬದುವಿನ ಮೇಲಿಂದ ಒಂದು ಕುರಿಯ ಕಿವಿ ಹಿಡಿದು ಒಳಗೆ ನಡೆಸಿದರೆ ಉಳಿದವು ತಾವಾಗಿ ಹತ್ತುವುದು ಮೊದಲಿಂದ ಬಂದ ರೂಢಿ.

ಆದರೆ ಬದು ಎಲ್ಲಿತ್ತೋ ಅಲ್ಲೇ ಇತ್ತು, ಗಾಡಿ ಮೇಲೆ ಹೋಗಿತ್ತು. ಮುಂದಿನ ಕುರಿ ಎದುರಿಗೆ ಎದ್ದ ತಗಡಿನ ಗೋಡೆ ನೋಡಿತು, ಕೆಳಗಿನ ಕತ್ತಲ ತಂಪು ನೋಡಿತು, ತಲೆ ತಗ್ಗಿಸಿ ಗಾಡಿಯ ಕೆಳಗೆ ನುಗ್ಗಿತು. ಒಂದು ಹೋದ ಮೇಲೆ ಕೇಳಬೇಕೆ? ಇದ್ದಬದ್ದ ಕುರಿಗಳೆಲ್ಲ ಅದರ ಹಿಂದೆ ನುಗ್ಗಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆಯಿಟ್ಟು, ಬಿಸಿಲು ಇಳಿಯುವವರೆಗೆ ಕದಲುವುದಿಲ್ಲವೆಂಬಂತೆ ಒತ್ತಿಕೊಂಡು ನಿಂತವು.

ಸೋಮಪ್ಪ ಅಂಗಾತ ಮಲಗಿ ಕಾಲು ಹಿಡಿದು ಎಳೆದ. ಒಂದನ್ನು ಈಚೆ ಎಳೆದು ಹೊತ್ತು ಮೇಲೆ ಹಾಕುವಷ್ಟರಲ್ಲಿ ಅದು ಮೈ ಕೊಸರಿಕೊಂಡು ಕೆಳಗೆ ಸೇರುತ್ತಿತ್ತು. ಇಂಜಿನ್ ಚಾಲೂ ಮಾಡುವ ಹಾಗೂ ಇಲ್ಲ, ಕೆಳಗೆ ಜೀವಗಳಿವೆ. ನೋಡಲು ಬಂದ ಹಟ್ಟಿಯ ಮಂದಿ ಗಾಡಿಯ ಎತ್ತರವನ್ನು ಹೊಗಳುತ್ತ ನಿಂತರೇ ಹೊರತು ಒಬ್ಬರೂ ಕೈಹಚ್ಚಲಿಲ್ಲ. ಕೊನೆಗೆ ಓಬಳೇಶಪ್ಪ ಅಮರೇಶನಿಗೆ ಫೋನು ಮಾಡಿದ.

ಬಿಸಿಲು ತಗ್ಗಿದಾಗ ಅಮರೇಶ ಏರಿಯ ಮೇಲೆ ಸುತ್ತಿ ಬಂದ. ಕುರಿಗಳು ಮೈ ಕೊಡವಿ ಈಚೆ ಬಂದು, ಬದುವಿನಿಂದ ಅವನ ಗಿಡ್ಡ ಗಾಡಿಗೆ ಸಾಲಾಗಿ ಹತ್ತಿದವು. ಸೋಮಪ್ಪನ ಎದೆ ಒಡೆಯಿತು. ಮುಖ ತೋರಿಸಲಾರದೆ ಹೊರಡಲೆಂದು ಗಾಡಿ ಹತ್ತುತ್ತಿದ್ದಾಗ ಓಬಳೇಶಪ್ಪ ಹಿಂದಿನಿಂದ ಕೂಗಿದ:

"ಸೋಮಾ, ಬರೋ ವಾರನೂ ಬಾ. ವಾರಾ ವಾರಾ ಬಾ. ತಪ್ಪಸಬ್ಯಾಡ."

ಸೋಮಪ್ಪನಿಗೆ ಹೋದ ಜೀವ ಬಂದಂತಾಯಿತು. ಕೆಳಗೆ ಜಿಗಿದು ಅವನ ಕೈ ಹಿಡಿದುಕೊಂಡ.

"ಖಂಡಿತ ಬರ್ತೀನ್ರಿ ಯಜಮಾನ್ರ. ನಸುಕಿನ್ಯಾಗ ಬರ್ಲೇನ್ರಿ?"

"ನಸುಕಿನ್ಯಾಗ ಬಂದು ಏನ್ ಮಾಡ್ತಿ? ಮಧ್ಯಾಹ್ನ ಬಾ. ಈ ಹಾಳ್ ಬಿಸಲಾಗ ಕುರಿ ಸೊರಗಿ, ವ್ಯಾಪಾರಿ ಮೂಸಿ ನೋಡ್ತಿದ್ದಿಲ್ಲ. ಇವತ್ತು ನೋಡು, ನಿನ್ನ ಗಾಡಿ ಕೆಳಗ ನಿಂತು ಹೆಂಗ್ ಕಳಿ ಬಂದಾವ! ಅಮರೇಶ ಬರೋತನ ನೀ ಸುಮ್ನ ನಿಲ್ಲಿಸ್ಕೊಂಡಿರು ಸಾಕು."

ಸೋಮಪ್ಪ ಹಿಡಿದ ಕೈ ಬಿಟ್ಟ. ಆಮೇಲೆ ಸಣ್ಣ ದನಿಯಲ್ಲಿ ಬಾಡಿಗೆಯ ಮಾತು ತೆಗೆದ. ಓಬಳೇಶಪ್ಪ ಆ ಮಹಾ ಗಾಲಿಯನ್ನು ಇನ್ನೊಮ್ಮೆ ಭಕ್ತಿಯಿಂದ ಸವರಿ, ರುಮಾಲು ತಲೆಗೆ ಸುತ್ತಿಕೊಂಡ.

"ಗಿಡದ ನೆರಳಿಗೆ ಯಾರರ ಬಾಡಗಿ ಕೊಡ್ತಾರೇನಪ್ಪ?"