ಒಂದೇ ಕಾರು, ಇಬ್ಬರು ಚಾಲಕರು

ನನಗೊಂದು ಕೆಟ್ಟ ಕುತೂಹಲವಿದೆ. ಟಿವಿಯಲ್ಲಿ ಕಾರ್ ರೇಸ್ ಬಂದರೆ ಉಳಿದವರು ಯಾರು ಗೆದ್ದರು ಎಂದು ನೋಡುತ್ತಾರೆ, ನಾನು ಯಾರ ಮುಖ ಸಪ್ಪಗಾಯಿತು ಎಂದು ನೋಡುತ್ತೇನೆ. ಹಾಗೆ ನೋಡಿ ನೋಡಿ ಒಂದು ಸಂಗತಿ ತಿಳಿಯಿತು. ಪ್ರತಿ ತಂಡಕ್ಕೂ ಇಬ್ಬರು ಚಾಲಕರು, ಇಬ್ಬರಿಗೂ ಒಂದೇ ತರಹದ ಕಾರು. ಬೇರೆ ತಂಡದವನು ಗೆದ್ದರೆ, 'ಅವನ ಕಾರೇ ಹಾಗಿದೆ ಬಿಡಿ' ಎಂದು ಪಾರಾಗಬಹುದು. ಸ್ವಂತ ತಂಡದವನೇ ಮುಂದೆ ಹೋದರೆ? ಟೈರನ್ನು ಬೈದರೂ ನಡೆಯದು, ಗಾಳಿಯನ್ನು ಬೈದರೂ ನಡೆಯದು. ಕ್ಯಾಮರಾದ ಮುಂದೆ ಅವನನ್ನು ತಬ್ಬಿಕೊಂಡು ಹಲ್ಲು ಕಿರಿಯಬೇಕು. ಆ ಹಲ್ಲು ಕಿರಿಯುವವನ ಹೊಟ್ಟೆಯೊಳಗೆ ಏನು ನಡೆದಿರುತ್ತದೆ ಎಂಬುದೇ ನನ್ನ ಕುತೂಹಲವಾಗಿತ್ತು. ನನ್ನ ಹೆಂಡತಿ ಸುನಂದಾ ಡ್ರೈವಿಂಗ್ ಕಲಿತ ಮೇಲೆ ಅದು ತಣಿಯಿತು.

ನಾನು ಚಾಕಣದ ಕಾರ್ಖಾನೆಯೊಂದರಲ್ಲಿ ಬ್ರೇಕಿನ ಬಿಡಿಭಾಗಗಳ ತಪಾಸಣೆ ಮಾಡುವವನು. ಹೀಗಾಗಿ ಬ್ರೇಕಿನ ಮೇಲೆ ನನಗೆ ಅಪಾರ ವಿಶ್ವಾಸ, ಅದನ್ನು ಆಗಾಗ ಒತ್ತಿ ನೋಡದಿದ್ದರೆ ಸಮಾಧಾನವಿಲ್ಲ. ಕಾರು ಜಗ್ಗಿ ಕುಲುಕಿದರೆ, 'ಕ್ಲಚ್ ಬಿಗಿ ಅದ' ಎನ್ನುತ್ತಿದ್ದೆ. ಮನೆಯವರೂ ನಂಬಿದ್ದರು. ಆಮೇಲೆ ಅದೇ ಕ್ಲಚ್ಚು, ನಮ್ಮ ಕೊಂಢವಾ ಬಡಾವಣೆಯ ರಸ್ತೆಯ ಅದೇ ಗುಂಡಿಗಳು, ಆದರೆ ಸುನಂದಾ ಕೂತರೆ ಕಾರು ಎಣ್ಣೆ ಹಾಕಿದ ಹಾಗೆ ಸಾಗತೊಡಗಿತು! ನನಗೆ ಎಷ್ಟು ಉರಿಯಿತು ಎಂದರೆ, ಎರಡು ದಿನ ಅವಳು ಮಾಡಿದ ಚಹಾವನ್ನೂ ಹೊಗಳಲಿಲ್ಲ.

ಇಷ್ಟರಲ್ಲಿ ಕೊಲ್ಹಾಪುರದಲ್ಲಿರುವ ನನ್ನ ದೊಡ್ಡವ್ವ ಬಿದ್ದು ಕಾಲು ಮುರಿದುಕೊಂಡಳು. ಅಕ್ಕನನ್ನು ನೋಡಲೇಬೇಕೆಂದು ನಮ್ಮವ್ವ ಕಣ್ಣೀರು ಹಾಕಿದಳು. ಆದರೆ ಅವ್ವನಿಗೆ ಕಾರು ಹತ್ತಿದರೆ ವಾಂತಿ. ಅದಕ್ಕೇ ಎಷ್ಟೋ ವರ್ಷಗಳಿಂದ ಅಕ್ಕತಂಗಿಯರ ಭೇಟಿ ಫೋನಿನಲ್ಲೇ ಮುಗಿಯುತ್ತಿತ್ತು. ಈಗ ಯಾರು ಓಡಿಸಿದರೆ ಅವ್ವ ಕೊಲ್ಹಾಪುರ ಮುಟ್ಟುತ್ತಾಳೆ ಎಂಬುದೇ ಮನೆಯ ಪ್ರಶ್ನೆಯಾಯಿತು. ನಾನೆಂದು ನಾನು ಹೇಳಿದೆ. ಸುನಂದಾ ಅವ್ವನ ಚೀಲಕ್ಕೆ ನಾಲ್ಕು ಲಿಂಬೆಹಣ್ಣು ಹಾಕಿದಳು, ಅದು ಇನ್ನೂ ಕೆಟ್ಟದ್ದು.

ಕೊನೆಗೆ ಅವ್ವನೇ ಪರೀಕ್ಷೆ ಇಟ್ಟಳು. ಭಾನುವಾರ ಊರಿನ ಇನ್ನೊಂದು ಬಡಾವಣೆಯಾದ ಮಗರಪಟ್ಟಾದಲ್ಲಿ ಕನ್ನಡ ಮಾತಾಡುವ ನಮ್ಮ ಕಡೆಯವರು ಸೇರಿ ಊಟ ಮಾಡುವ ರೂಢಿ, ನಮ್ಮ ಮನೆಯಿಂದ ಹೋಳಿಗೆ ಮತ್ತು ಕಟ್ಟಿನ ಸಾರು. ಸಾರಿನ ಬೋಗುಣಿಯನ್ನು ಅವ್ವ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂಡುತ್ತಾಳೆ. "ಹೋಗೂವಾಗ ನೀ ಓಡಸು, ಉಳದ ಸಾರು ತೊಗೊಂಡು ಬರೂವಾಗ ಅಕಿ ಓಡಸ್ಲಿ. ಯಾರು ಕಮ್ಮಿ ಚೆಲ್ಲತೀರಿ, ಅವರು ಕೊಲ್ಹಾಪುರಕ್ಕ," ಅಂದಳು.

ಒತ್ತಡ ಎಂದರೇನೆಂದು ಆ ದಿನ ಗೊತ್ತಾಯಿತು. ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಅಡ್ಡ ಬಂದ ರಿಕ್ಷಾದವನಿಗೆ ಮರಾಠಿಯಲ್ಲಿ "ಅರೇ ಬಾಬಾ!" ಎಂದು ಕೂಗುವಷ್ಟರಲ್ಲಿ ಹಿಂದಿನಿಂದ ಸಾರಿನ ಘಮ ಬಂತು. ಅವ್ವನ ಸೀರೆಯ ನೆರಿಗೆ ನೆನೆದಿತ್ತು. ಮುಗಿಯಿತು ಕಥೆ ಅಂದುಕೊಂಡೆ. ಆದರೆ ಬರುವಾಗ ಏನಾಶ್ಚರ್ಯ! ಸುನಂದಾ ಒಂದು ಖಾಲಿ ತಿರುವಿನಲ್ಲಿ ಗಕ್ಕನೆ ಬ್ರೇಕ್ ಒತ್ತಿದಳು. ಅರ್ಧ ಬೋಗುಣಿ ಸಾರು ಸೀಟಿನ ಪಾಲಾಯಿತು. "ಅಯ್ಯ, ತಪ್ಪಾತ್ರಿ ಅತ್ತಿ," ಅಂದಳು. ನಾನು ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡು, ಆಗ್ತದ," ಎಂದು ಸಮಾಧಾನ ಹೇಳಿದೆ. ಸೀಟು ತೊಳೆಯುವಾಗಲೂ ಹಾಡು ಗುನುಗುತ್ತಿದ್ದೆ.

ಕೊಲ್ಹಾಪುರದ ದಾರಿ ಹಿಡಿದೆವು, ಓಡಿಸುವವನು ನಾನೇ. ಘಾಟು ಹತ್ತುವಷ್ಟರಲ್ಲಿ ಅವ್ವನ ಮುಖ ಬಾಡಿತ್ತು. ಹಿಂದಿನ ಸೀಟಿನಲ್ಲಿ ಸುನಂದಾ ಅವಳಿಗೆ ಲಿಂಬೆಹಣ್ಣು ಮೂಸಿಸುತ್ತಿದ್ದಳು. ನನಗೆ ಕೇಳಿಸದೆಂದುಕೊಂಡು ಅವ್ವ ಅವಳಿಗೆ ಪಿಸುಗುಟ್ಟಿದಳು: "ಮಗಾ ಸೋತು ಮಾರಿ ಸಣ್ಣ ಮಾಡ್ಕೋತಾನಂತ ಬ್ರೇಕ್ ಒತ್ತು ಅಂದ್ನೆವ್ವಾ, ತಪ್ಪು ಮಾಡಿದೆ. ನೀ ಆವತ್ತ ನಾ ಹೇಳಿದ್ದಕ್ಕ ಒತ್ತಿದಿ. ಇಂವಾ ಯಾರೂ ಹೇಳದನ ಒತ್ತತಾನ!"

ರೇಸಿನಲ್ಲೂ ಇದು ಉಂಟು. ಮುಂದಿರುವವನಿಗೆ ತಂಡದ ಯಜಮಾನರು ರೇಡಿಯೋದಲ್ಲಿ ಹೇಳುತ್ತಾರೆ, ಹಿಂದಿನವನಿಗೆ ದಾರಿ ಬಿಡು ಎಂದು. ಹಾಗೆ ದಾರಿ ಪಡೆದವನಿಗೆ ನಾಚಿಕೆಯಾಗುತ್ತದೆಯೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ಆಗುತ್ತದೆ ರೀ, ಕಿವಿ ಬಿಸಿಯಾಗುವಷ್ಟು ಆಗುತ್ತದೆ. ಘಾಟು ಇಳಿದ ಮೇಲೆ ಚಹಾದ ನೆಪದಲ್ಲಿ ಕಾರು ನಿಲ್ಲಿಸಿದೆ. ಕುಡಿದಾದ ಮೇಲೆ ಯಾರ ಮುಖವನ್ನೂ ನೋಡದೆ ಹಿಂದಿನ ಸೀಟಿಗೆ ಹೋಗಿ ಕೂತೆ. ಸುನಂದಾ ಮುಂದೆ ಹೋಗಿ ಸ್ಟೇರಿಂಗ್ ಹಿಡಿದಳು. ಸ್ವಲ್ಪ ಹೊತ್ತಿಗೆ ಅವ್ವ ನನ್ನ ಹೆಗಲಿಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ಕರಾಡ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಕೊಲ್ಹಾಪುರದಲ್ಲಿ ಕಾರನ್ನು ಓಣಿಯ ತುದಿಯಲ್ಲೇ ಬಿಟ್ಟು ನಡೆದು ಹೋದೆವು. ದೊಡ್ಡವ್ವ ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದಳು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ಕಣ್ಣೊರೆಸಿಕೊಂಡ ದೊಡ್ಡವ್ವ ಕೇಳಿದಳು, "ಒಂದು ಓಕರಿಕಿನೂ ಇಲ್ಲದ ಕರ್ಕೊಂಡು ಬಂದಾರಲ್ಲ, ಯಾರವ್ವಾ ಓಡಿಸಿದ್ದು?"

"ಮತ್ಯಾರು? ನನ್ನ ಮಗಾ!" ಅಂದಳು ಅವ್ವ, ಕಣ್ಣು ಮಿಟುಕಿಸದೆ.

ನಿಜ ಹೇಳಬೇಕೆಂದು ಬಾಯಿ ತೆರೆದೆ, ದೇವರಾಣೆ ತೆರೆದೆ. ಅಷ್ಟರಲ್ಲಿ ದೊಡ್ಡವ್ವ ಕೂತಲ್ಲಿಂದಲೇ ರೊಟ್ಟಿಯ ಚೂರು ಹಿಡಿದು ನನಗೆ ದೃಷ್ಟಿ ತೆಗೆಯಲು ಶುರುಮಾಡಿದ್ದಳು. ದೃಷ್ಟಿ ತೆಗೆಯುವಾಗ ಮಾತಾಡಬಾರದಲ್ಲ, ಎದೆ ಸೆಟೆಸಿ ನಿಂತುಕೊಂಡೆ. ಹಿಂದೆ ನಿಂತಿದ್ದ ಸುನಂದಾ ಕಾರಿನ ಕೀಲಿಯನ್ನು ಮೆಲ್ಲಗೆ ನನ್ನ ಅಂಗೈಗೆ ಹಾಕಿ, "ಹಿಡೀರಿ, ಕೈ ಖಾಲಿ ಇದ್ರ ಚಂದ ಕಾಣಂಗಿಲ್ಲ," ಅಂದಳು.